ಸಾಲದ ಭಯವೂ ನಮ್ಮ ವಿಶ್ವಾಸವೂ

(ಸ್ವ-ಸಹಾಯ ಸಂಘಗಳ ಒಕ್ಕೂಟದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟಿರುವ ವಿಷಯ "ಭಯದಿಂದ ಬಿಡುಗಡೆ". ವಿಶ್ವಾಸ, ಭರವಸೆ, ನಿರೀಕ್ಷೆ ಇವುಗಳ ಮೂಲಕ ಭಯವನ್ನು ಗೆಲ್ಲುವುದು ಹೇಗೆ ಎಂದು ಮಾತನಾಡಬೇಕು. ಬೆಳಿಗ್ಗೆ ಹೆಸರು ಬರೆಸುವಾಗ ನಿಮ್ಮ ಕೈಗೆ ಒಂದೊಂದು ಚೀಟಿ ಕೊಟ್ಟಿದ್ದೆವು. ಹೆಸರು ಹಾಕಬೇಡಿ, ನಿಮ್ಮ ಮನಸ್ಸಿನ ದೊಡ್ಡ ಭಯ ಯಾವುದು ಅದನ್ನು ಮಾತ್ರ ಬರೆಯಿರಿ ಎಂದಿದ್ದೆವು. ಚಹಾ ಸಮಯದಲ್ಲಿ ಕೂತು ಎಲ್ಲವನ್ನೂ ಓದಿದೆ. ಗಂಡನ ಕುಡಿತ ಎಂದು ಬರೆದವರಿದ್ದೀರಿ. ಕಾಡಾನೆ ಎಂದು ಬರೆದವರಿದ್ದೀರಿ. ಮಗಳು ರಾತ್ರಿ ಗಾರ್ಮೆಂಟ್ಸ್‌ನಿಂದ ಮನೆ ಸೇರುವವರೆಗೂ ಭಯ ಎಂದು ಒಬ್ಬ ತಾಯಿ ಬರೆದಿದ್ದಾರೆ. ಆದರೆ ಹೆಚ್ಚಿನ ಚೀಟಿಗಳಲ್ಲಿ ಇದ್ದದ್ದು ಸಾಲ. ಒಂದು ಚೀಟಿಯಲ್ಲಂತೂ ಒಂದೇ ಒಂದು ಪದ ಇತ್ತು: "ಮಂಗಳವಾರ". ಬೇರೆ ಏನೂ ಇಲ್ಲ. ಇಲ್ಲಿ ಕೂತಿರುವ ಯಾರಿಗೂ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮಂಗಳವಾರ ಕಂತಿನ ದಿನ.

ಆದ್ದರಿಂದ ಇವತ್ತು ನಾನು ಎಲ್ಲ ಭಯಗಳ ಬಗ್ಗೆ ಮಾತನಾಡುವುದಿಲ್ಲ. ಈ ಮಂಗಳವಾರದ ಭಯದ ಬಗ್ಗೆ ಮಾತ್ರ ಮಾತನಾಡುತ್ತೇನೆ. ನಿಮ್ಮಲ್ಲಿ ಹಿಂದೂಗಳಿದ್ದೀರಿ, ಮುಸ್ಲಿಮರಿದ್ದೀರಿ, ಕ್ರೈಸ್ತರಿದ್ದೀರಿ. ನಾನು ಕ್ರೈಸ್ತ ಸನ್ಯಾಸಿನಿ, ಆದ್ದರಿಂದ ನನ್ನ ಧರ್ಮಗ್ರಂಥದಿಂದಲೇ ಹೇಳುತ್ತೇನೆ. ಕೇಳುವುದಕ್ಕೆ ಯಾರಿಗೂ ಅಡ್ಡಿ ಇಲ್ಲ. ಸಾಲಕ್ಕೆ ಜಾತಿ ಮತ ಇಲ್ಲ, ಭಯಕ್ಕೂ ಇಲ್ಲ.

ಭಯ ಏನು ಮಾಡುತ್ತದೆ?

ಮೊದಲನೆಯದಾಗಿ ಒಂದು ಮಾತು. ಭಯಪಡುವುದು ಪಾಪವಲ್ಲ. "ನನಗೆ ವಿಶ್ವಾಸ ಕಮ್ಮಿ ಸಿಸ್ಟರ್, ಅದಕ್ಕೇ ಹೆದರಿಕೆ" ಎಂದು ಎಷ್ಟೋ ಜನ ನನ್ನ ಹತ್ತಿರ ಅತ್ತಿದ್ದಾರೆ. ಯೇಸುಸ್ವಾಮಿಯೇ ಗೆತ್ಸೆಮನಿ ತೋಪಿನಲ್ಲಿ ಭಯದಿಂದ ನಡುಗಿದರು. ಅವರ ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬಿತ್ತು ಎಂದು ಸಂತ ಲೂಕರು ಬರೆದಿದ್ದಾರೆ. ದೇವರ ಮಗನಿಗೇ ಹೆದರಿಕೆ ಆಗಿರುವಾಗ ನಮಗೆ ಆಗುವುದರಲ್ಲಿ ತಪ್ಪೇನು? ಆದರೆ ಆ ರಾತ್ರಿ ಯೇಸು ಏನು ಮಾಡಿದರು ಎಂಬುದನ್ನು ಗಮನಿಸಿ. ಒಬ್ಬರೇ ಹೋಗಲಿಲ್ಲ. ಪೇತ್ರ, ಯಕೋಬ, ಯೊವಾನ್ನ ಈ ಮೂವರನ್ನು ಜೊತೆಗೆ ಕರೆದುಕೊಂಡು ಹೋದರು. ತಮ್ಮ ಮನಸ್ಸಿನ ಸಂಕಟವನ್ನು ಬಾಯಿಬಿಟ್ಟು ಅವರಿಗೆ ಹೇಳಿದರು. ಸ್ವಲ್ಪ ಹೊತ್ತು ನನ್ನ ಜೊತೆ ಎಚ್ಚರವಾಗಿರಿ ಎಂದು ಕೇಳಿಕೊಂಡರು. ಅವರು ನಿದ್ದೆ ಹೋದರು, ಅದು ಬೇರೆ ಮಾತು. ಯೇಸು ಕೇಳಿದರು ಎಂಬುದು ಮುಖ್ಯ.

ಭಯದ ಕೆಟ್ಟ ಗುಣ ಇರುವುದು ಇಲ್ಲಿ. ಅದು ನಮ್ಮನ್ನು ಒಂಟಿ ಮಾಡುತ್ತದೆ. ಆದಿಯಲ್ಲಿ ಆದಾಮನು ಹೆದರಿ ಮರಗಳ ಮಧ್ಯೆ ಅಡಗಿಕೊಂಡ. ಯೇಸು ಸತ್ತ ಮೇಲೆ ಶಿಷ್ಯರು ಹೆದರಿ ಬಾಗಿಲು ಹಾಕಿಕೊಂಡು ಒಳಗೆ ಕೂತರು. ಸಾಲಗಾರರಾದ ನಾವೂ ಹಾಗೇ ಮಾಡುತ್ತೇವೆ. ಫೋನ್ ಸ್ವಿಚ್ ಆಫ್ ಮಾಡುತ್ತೇವೆ. ಭಾನುವಾರ ದೇವಾಲಯಕ್ಕೆ ಹೋದರೆ ಯಾರಾದರೂ ಕೇಳಿಬಿಟ್ಟಾರು ಎಂದು ಬಲಿಪೂಜೆ ತಪ್ಪಿಸುತ್ತೇವೆ. ಸಂಘದ ಸಭೆಗೆ ಬರುವುದನ್ನು ನಿಲ್ಲಿಸುತ್ತೇವೆ. ಗಂಡನಿಗೆ ಒಂದು ಲೆಕ್ಕ, ತವರಿಗೆ ಇನ್ನೊಂದು ಲೆಕ್ಕ ಹೇಳುತ್ತೇವೆ. ಕಡೆಗೆ ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡುತ್ತೇವೆ, ಯಾಕೆಂದರೆ ಭಯದಲ್ಲಿ ಇರುವವರಿಗೆ ಈ ಮಂಗಳವಾರ ದಾಟಿದರೆ ಸಾಕು, ಮುಂದಿನ ಮಂಗಳವಾರ ಕಾಣುವುದಿಲ್ಲ.

2025ರ ಜನವರಿ ತಿಂಗಳನ್ನು ನೆನಪು ಮಾಡಿಕೊಳ್ಳಿ. ಚಾಮರಾಜನಗರ ಮುಂತಾದ ಜಿಲ್ಲೆಗಳಲ್ಲಿ ಸಾಲ ವಸೂಲಿಯ ಕಿರುಕುಳ ತಾಳಲಾರದೆ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂತು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಅವರೆಲ್ಲ ನಮ್ಮಂಥವರೇ. ಅಷ್ಟು ದೂರ ಹೋಗುವ ಮುಂಚೆ ಅವರ ಬಾಗಿಲು ತಟ್ಟಿ ಒಳಗೆ ಬಂದು ಕೂರುವವರು ಯಾರೂ ಇರಲಿಲ್ಲವೇ ಎಂದು ನನಗೆ ದುಃಖವಾಗುತ್ತದೆ.

ನಾನು ಮಾಡಿದ ತಪ್ಪು

ಈ ಪ್ರಶ್ನೆ ಕೇಳುವ ಹಕ್ಕು ನನಗೆ ಅಷ್ಟಾಗಿ ಇಲ್ಲ. ಯಾಕೆಂದರೆ ಕೆಲವು ವರ್ಷಗಳ ಹಿಂದೆ ನಾನೇ ಒಂದು ಬಾಗಿಲವರೆಗೆ ಹೋಗಿ ಒಳಗೆ ಕೂರದೆ ವಾಪಸ್ ಬಂದವಳು. ಆ ತಾಯಿಯ ಅಪ್ಪಣೆ ಪಡೆದು, ಹೆಸರು ಊರು ಬಿಟ್ಟು, ಹೇಳುತ್ತೇನೆ.

ಆಕೆ ನಮ್ಮ ಧರ್ಮಕೇಂದ್ರದವರೇ, ನಮ್ಮ ಸಂಘದ ಸದಸ್ಯೆಯೇ. ಗಂಡ ಗಾರೆ ಕೆಲಸ, ಆಕೆ ಹೊಲದ ಕೂಲಿ. ಇಬ್ಬರದೂ ಸೇರಿ ಒಳ್ಳೆಯ ತಿಂಗಳಲ್ಲಿ 12,000 ರೂಪಾಯಿ. ಮಗನ ಕಾಲಿನ ಆಪರೇಷನ್‌ಗೆ ಒಂದು ಕಂಪನಿಯಿಂದ ಸಾಲ ತೆಗೆದರು. ಅದರ ಕಂತು ಕಟ್ಟಲು ಇನ್ನೊಂದು ಕಂಪನಿಯಿಂದ ತೆಗೆದರು. ಪಕ್ಕದ ಮನೆಯವರು ಕೇಳಿಕೊಂಡರೆಂದು ಮೂರನೆಯ ಸಾಲವನ್ನು ತನ್ನ ಹೆಸರಿನಲ್ಲಿ ಎತ್ತಿ ಅವರ ಕೈಗೆ ಕೊಟ್ಟರು. ಇದರ ಮೇಲೆ ಊರಿನ ಒಬ್ಬರಿಂದ 20,000 ರೂಪಾಯಿ ಕೈಸಾಲ, ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿ.

ನಾನು ಮನೆಗೆ ಹೋದಾಗ ಆಕೆ ಕಾಫಿ ಕೊಟ್ಟರು. ಮಾತು ಕಮ್ಮಿ. ಮುಖ ನೋಡಿದರೆ ನಿದ್ದೆ ಇಲ್ಲ ಎಂದು ಗೊತ್ತಾಗುತ್ತಿತ್ತು. "ಏನಮ್ಮಾ?" ಅಂದೆ. "ಸಾಲ ಸಿಸ್ಟರ್" ಅಂದರು. ನನಗೆ ಇನ್ನೊಂದು ಹಳ್ಳಿಯಲ್ಲಿ ಮೀಟಿಂಗ್ ಇತ್ತು, ಹೊರಗೆ ಜೀಪು ಕಾಯುತ್ತಿತ್ತು. ಆಕೆಯ ತಲೆ ಮೇಲೆ ಕೈ ಇಟ್ಟು ಒಂದು ಜಪ ಹೇಳಿ, "ದೇವರ ಮೇಲೆ ಭಾರ ಹಾಕಮ್ಮಾ, ಹೆದರಬೇಡ" ಎಂದು ಹೇಳಿ ಹೊರಟೆ. ಎಷ್ಟು ಸಾಲ, ಯಾರಿಗೆ, ಯಾವಾಗ ಕಟ್ಟಬೇಕು, ಒಂದನ್ನೂ ಕೇಳಲಿಲ್ಲ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಓದಿದವಳು ನಾನು. ಕೇಳಬೇಕಾದ ಮೊದಲ ಪ್ರಶ್ನೆಯನ್ನೇ ಕೇಳಲಿಲ್ಲ.

ಆ ಮಂಗಳವಾರ ಆಕೆಗೆ ಕಂತು ಹೊಂದಿಸಲು ಆಗಲಿಲ್ಲ. ಗುಂಪಿನ ಸಾಲ ಅಂದರೆ ಗೊತ್ತಲ್ಲ, ಒಬ್ಬರು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ವಸೂಲಿಗೆ ಬಂದವನು ಗುಂಪಿನ ಹೆಂಗಸರನ್ನೆಲ್ಲ ಕರೆದುಕೊಂಡು ಹೋಗಿ ಆಕೆಯ ಮನೆ ಮುಂದೆ ಕೂರಿಸಿದ. ರಾತ್ರಿ ಒಂಬತ್ತರವರೆಗೆ ಕೂತಿದ್ದರು. ಅವರಲ್ಲಿ ಇಬ್ಬರು ನಮ್ಮ ಸಂಘದವರೇ. ಮಾರನೆಯ ದಿನ ಮನೆಗೆ ಬೀಗ. ಗಂಡ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕೊಡಗಿನ ಒಂದು ಕಾಫಿ ತೋಟ ಸೇರಿದ್ದರು. ಮಕ್ಕಳ ಶಾಲೆ ನಿಂತಿತು.

ನಾಲ್ಕು ತಿಂಗಳು ಬಿಟ್ಟು ಆಕೆಯ ತಂಗಿಯಿಂದ ವಿಳಾಸ ಸಿಕ್ಕಿತು. ನಾನು ಮತ್ತು ಆ ಇಬ್ಬರು ಹೆಂಗಸರು ಹೋದೆವು. ತೋಟದ ಲೈನ್ ಮನೆಯ ಹತ್ತಿರ ನಮ್ಮನ್ನು ಕಂಡ ಕೂಡಲೇ ಆಕೆ ಹಿಂದಕ್ಕೆ ಓಡಿ ಸೌದೆ ಒಟ್ಟಿದ್ದ ಕಡೆ ಅಡಗಿದರು. ನಾವು ದುಡ್ಡು ಕೇಳಲು ಬಂದಿದ್ದೇವೆ ಎಂದುಕೊಂಡಿದ್ದರು. ನನ್ನನ್ನು ನೋಡಿ ಒಬ್ಬ ಹೆಣ್ಣುಮಗಳು ಹೆದರಿ ಅಡಗಿದ್ದು ನನ್ನ ಸನ್ಯಾಸ ಜೀವನದಲ್ಲಿ ಅದೇ ಮೊದಲು. ಆಗ ನಮ್ಮ ಜೊತೆ ಬಂದವರಲ್ಲಿ ಒಬ್ಬಾಕೆ ಹೋಗಿ ಆಕೆಯ ಕೈ ಹಿಡಿದುಕೊಂಡು ಅಳುತ್ತಾ ಹೇಳಿದರು: "ಅಕ್ಕಾ, ಅವತ್ತು ನಾನೂ ಹೆದರ್ಕೊಂಡೇ ನಿನ್ನ ಮನೆ ಮುಂದೆ ಕೂತಿದ್ದೆ."

ಆ ಮಾತು ನನಗೆ ಇವತ್ತಿಗೂ ಪಾಠ. ಒಳಗಿದ್ದವರೂ ಭಯದಲ್ಲಿದ್ದರು, ಹೊರಗೆ ಕೂತವರೂ ಭಯದಲ್ಲಿದ್ದರು. ಅಷ್ಟು ಹೆಂಗಸರ ಭಯ ಸೇರಿ ಒಂದು ಕುಟುಂಬವನ್ನು ಊರು ಬಿಡಿಸಿತು.

ಆಮೇಲೆ ಆಕೆ ನನ್ನನ್ನು ಒಂದು ಪ್ರಶ್ನೆ ಕೇಳಿದರು. "ಸಿಸ್ಟರ್, ದೇವರ ಮೇಲೆ ಭಾರ ಹಾಕು ಅಂದ್ರಿ. ಹಾಕ್ದೆ. ಮಂಗಳವಾರ ದೇವರು ಎಲ್ಲಿ ಹೋಗಿದ್ದ?" ನಾನು ಉತ್ತರ ಕೊಡಲಿಲ್ಲ. ಆದರೆ ನನಗೆ ಗೊತ್ತಿತ್ತು. ದೇವರು ಕಳಿಸಿದ್ದ, ಹೋಗಬೇಕಾದವಳು ಜೀಪು ಹತ್ತಿಬಿಟ್ಟಿದ್ದಳು.

ಪವಿತ್ರ ಬೈಬಲ್‌ನಲ್ಲಿ ಹೆದರಬೇಡ ಎಂಬ ಮಾತು ಎಷ್ಟೋ ಕಡೆ ಬರುತ್ತದೆ. ಅದರ ಅಕ್ಕಪಕ್ಕದಲ್ಲಿ ಬಹಳ ಸಲ ಇನ್ನೊಂದು ಮಾತು ಇರುತ್ತದೆ, ನಾನು ನಿನ್ನ ಜೊತೆ ಇದ್ದೇನೆ ಎಂದು. ಮೋಶೆ ಫರೋಹನ ಹತ್ತಿರ ಹೋಗಲು ಹಿಂಜರಿದಾಗ ದೇವರು ತಾನು ಜೊತೆಗಿರುವೆನೆಂದು ಮಾತು ಕೊಟ್ಟಿದ್ದಲ್ಲದೆ ಅಣ್ಣ ಆರೋನನನ್ನು ಜೊತೆ ಮಾಡಿ ಕಳಿಸಿದರು. ದೇವದೂತನು ಮರಿಯಮ್ಮನವರಿಗೆ ಹೆದರಬೇಡ ಎಂದಾಗ ಬಂಧು ಎಲಿಜಬೇತಮ್ಮನವರ ಸುದ್ದಿಯನ್ನೂ ಹೇಳಿದ. ಮರಿಯಮ್ಮ ಅವಸರವಾಗಿ ಅವರ ಮನೆಗೇ ಹೋಗಿ ಸುಮಾರು ಮೂರು ತಿಂಗಳು ಇದ್ದರು. ಯೇಸು ಶಿಷ್ಯರನ್ನು ಊರೂರಿಗೆ ಕಳಿಸುವಾಗ ಇಬ್ಬಿಬ್ಬರನ್ನಾಗಿ ಕಳಿಸಿದರು. ಜೊತೆಗೆ ಹೋಗದೆ ಹೆದರಬೇಡ ಎಂದು ಹೇಳುವ ಅಧಿಕಾರ ನಮಗೆ ಇಲ್ಲ. ಇದು ನಾನು ಕಲಿತದ್ದು.

ಎಣ್ಣೆಯ ಕುಡಿಕೆ

ಸಾಲದ ಭಯದಲ್ಲಿದ್ದ ಒಬ್ಬ ಹೆಂಗಸಿನ ಕಥೆ ಬೈಬಲ್‌ನಲ್ಲೇ ಇದೆ. ಅರಸುಗಳ ಎರಡನೆಯ ಗ್ರಂಥದ ನಾಲ್ಕನೆಯ ಅಧ್ಯಾಯದ ಮೊದಲ ಏಳು ವಚನಗಳು. ಮನೆಗೆ ಹೋಗಿ ಓದಿ. ಆಕೆಯ ಹೆಸರು ಕೂಡ ಅಲ್ಲಿ ಬರೆದಿಲ್ಲ. ಗಂಡ ದೇವಭಕ್ತ, ತೀರಿಹೋಗಿದ್ದ. ಸಾಲ ಉಳಿದಿತ್ತು. ಸಾಲ ಕೊಟ್ಟವನು ಅವಳ ಇಬ್ಬರು ಗಂಡುಮಕ್ಕಳನ್ನು ಜೀತಕ್ಕೆ ಎಳೆದುಕೊಂಡು ಹೋಗಲು ಬಂದಿದ್ದ. ಈ ವಿಧವೆ ಏನು ಮಾಡಿದಳು? ನಾಲ್ಕು ಹೆಜ್ಜೆ ಇಟ್ಟಳು. ಒಂದೊಂದಾಗಿ ನೋಡೋಣ.

ಮೊದಲ ಹೆಜ್ಜೆ, ಬಾಯಿಬಿಟ್ಟಳು. ಪ್ರವಾದಿ ಎಲೀಷನ ಹತ್ತಿರ ಹೋಗಿ ಗೋಳಾಡಿ ಹೇಳಿದಳು. ಮರ್ಯಾದೆ ಹೋಗುತ್ತದೆ ಎಂದು ಮುಚ್ಚಿಡಲಿಲ್ಲ. ವಿಶ್ವಾಸ ಎಂದರೆ ಇದೇ. ದೇವರು ನನ್ನನ್ನು ಕೈಬಿಟ್ಟಿಲ್ಲ ಎಂದು ನಂಬಿದವಳಿಗೆ ಇನ್ನೊಬ್ಬ ಮನುಷ್ಯನ ಮುಂದೆ ಅಳಲು ಧೈರ್ಯ ಬರುತ್ತದೆ. ಹಾಗಾಗಿ ನಿಮ್ಮಲ್ಲಿ ಯಾರಿಗೆ ಸಾಲದ ಭಯ ಇದೆಯೋ ಅವರು ಈ ವಾರದಲ್ಲಿ ಒಬ್ಬರಿಗೆ, ಒಬ್ಬರಿಗೆ ಸಾಕು, ಪೂರ್ತಿ ಹೇಳಿ. ಅರ್ಧ ಹೇಳಬೇಡಿ. ನಾಲ್ಕು ಸಾಲ ಇದ್ದರೆ ನಾಲ್ಕನ್ನೂ ಹೇಳಿ.

ಎರಡನೆಯ ಹೆಜ್ಜೆ, ಲೆಕ್ಕ ನೋಡಿದಳು. ಎಲೀಷ ಕೇಳಿದ ಪ್ರಶ್ನೆ, ನಿನ್ನ ಮನೆಯಲ್ಲಿ ಏನಿದೆ ಎಂದು. ಮೊದಲು ಅವಳು ಏನೂ ಇಲ್ಲ ಎನ್ನುತ್ತಾಳೆ, ಆಮೇಲೆ ಒಂದು ಕುಡಿಕೆ ಎಣ್ಣೆ ಇದೆ ಎನ್ನುತ್ತಾಳೆ. ಭಯದಲ್ಲಿರುವವರಿಗೆ ಇರುವುದೂ ಕಾಣುವುದಿಲ್ಲ. ನಾವು ಕೊಡಗಿನ ಆ ಲೈನ್ ಮನೆಯಲ್ಲಿ ಮಗನ ನೋಟ್‌ಪುಸ್ತಕದ ಹಾಳೆ ಹರಿದು ಎಲ್ಲ ಬರೆದೆವು. ಒಂದು ಕಡೆ ಸಾಲ, ಇನ್ನೊಂದು ಕಡೆ ಇರುವುದು. ಕೈಸಾಲ 20,000ಕ್ಕೆ ತಿಂಗಳಿಗೆ 1,000 ಬಡ್ಡಿ. ಆಕೆ 26 ತಿಂಗಳು ಕಟ್ಟಿದ್ದರು. ಅಂದರೆ 26,000 ಕೊಟ್ಟಾಗಿದೆ, ಅಸಲು 20,000 ಹಾಗೇ ನಿಂತಿದೆ. "ಇಷ್ಟು ಕೊಟ್ಟಿದ್ದೀನಾ ನಾನು?" ಎಂದು ಆಕೆಯೇ ಬೆರಗಾದರು. ನೂರಕ್ಕೆ ತಿಂಗಳಿಗೆ ಐದು ಎಂದರೆ ವರ್ಷಕ್ಕೆ ಅರವತ್ತು. ಐದು ಎಂದಾಗ ಸಣ್ಣದಾಗಿ ಕೇಳುತ್ತದೆ, ಅರವತ್ತು ಎಂದಾಗ ಎಚ್ಚರವಾಗುತ್ತದೆ. ಕತ್ತಲೆಯಲ್ಲಿ ಹಗ್ಗವೂ ಹಾವು. ಬರೆದ ಮೇಲೆ ಹಾವು ಹಾವಾಗಿಯೇ ಇದ್ದರೂ ಅದರ ಉದ್ದ ಎಷ್ಟು ಎಂದಾದರೂ ಗೊತ್ತಾಗುತ್ತದೆ.

ಮೂರನೆಯ ಹೆಜ್ಜೆ, ನೆರೆಹೊರೆಯವರ ಪಾತ್ರೆ. ಎಲೀಷ ಅವಳಿಗೆ ಹೇಳಿದ್ದು, ಹೋಗಿ ಅಕ್ಕಪಕ್ಕದ ಮನೆಗಳಿಂದ ಖಾಲಿ ಪಾತ್ರೆಗಳನ್ನು ಕೇಳಿ ತಾ, ಕಮ್ಮಿ ತರಬೇಡ ಎಂದು. ಯೋಚನೆ ಮಾಡಿ. ದೇವರು ಮನಸ್ಸು ಮಾಡಿದ್ದರೆ ಆಕಾಶದಿಂದ ಪಾತ್ರೆಯನ್ನೂ ಇಳಿಸಬಹುದಿತ್ತು. ಇಳಿಸಲಿಲ್ಲ. ಎಣ್ಣೆ ದೇವರದು, ಪಾತ್ರೆ ನೆರೆಯವರದು. ಪಾತ್ರೆ ಮುಗಿದಾಗ ಎಣ್ಣೆಯೂ ನಿಂತಿತು. ಅಂದರೆ ಆ ಊರಿನವರು ಎಷ್ಟು ಪಾತ್ರೆ ಕೊಟ್ಟರೋ ಅಷ್ಟು ದೊಡ್ಡದಾಯಿತು ಪವಾಡ. ಇದು ಭರವಸೆಯ ಪಾಠ. ಭರವಸೆ ದೇವರ ಮೇಲೂ ಇರಬೇಕು, ಪಕ್ಕದ ಮನೆಯವರ ಮೇಲೂ ಇರಬೇಕು. ನಮ್ಮ ಸಂಘಗಳು ಆ ಖಾಲಿ ಪಾತ್ರೆಗಳು.

ನಾಲ್ಕನೆಯ ಹೆಜ್ಜೆ, ಸಾಲ ತೀರಿಸಿದಳು. ಎಣ್ಣೆ ಮಾರಿ ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಬದುಕಿರಿ ಎಂದ ಎಲೀಷ. ಕೊಡಬೇಡ ಎನ್ನಲಿಲ್ಲ. ನಾವು ತೆಗೆದುಕೊಂಡ ಸಾಲ ನಾವು ತೀರಿಸಬೇಕು, ಅದು ನ್ಯಾಯ. ಆದರೆ ತೀರಿಸಿದ ಮೇಲೆ ಬದುಕಲು ಉಳಿಯಬೇಕು, ಅದೂ ನ್ಯಾಯ. ಮಕ್ಕಳನ್ನು ಜೀತಕ್ಕೆ ಎಳೆಯುವುದು ನ್ಯಾಯವಲ್ಲ.

ಇನ್ನು ಪ್ರಾರ್ಥನೆಯ ಮಾತು. ಸಾಲ ತೀರಲಿ ಎಂದು ಹರಕೆ ಹೊತ್ತು, ಆ ಹರಕೆ ತೀರಿಸಲು ಮತ್ತೆ ಸಾಲ ಮಾಡಿದವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಬಡವೆಯ ಕಿವಿಯ ಓಲೆ ದೇವರಿಗೆ ಬೇಡ. ಜಪಸರ ಹಿಡಿದು ಕೂತಾಗ ಮನಸ್ಸಿಗೆ ಬರುವ ಶಾಂತಿಯನ್ನು ನಾನು ಬಲ್ಲೆ, ಅದು ಸುಳ್ಳಲ್ಲ. ಆ ಶಾಂತಿಯನ್ನು ದೇವರು ಕೊಡುವುದು ನಾವು ಎದ್ದು ನಡೆಯಲಿ ಎಂದು.

ನಮಗೆ ತಿಳಿದಿರಬೇಕಾದ ಕಾನೂನು

ಗೊತ್ತಿಲ್ಲದಿರುವುದು ಭಯದ ಗೊಬ್ಬರ. ಆದ್ದರಿಂದ ಕೆಲವು ವಿಷಯ ಬರೆದುಕೊಳ್ಳಿ.

1. ರಿಸರ್ವ್ ಬ್ಯಾಂಕ್ 2022ರಲ್ಲಿ ಮೈಕ್ರೋಫೈನಾನ್ಸ್ ಸಾಲಗಳಿಗೆ ನಿಯಮ ಮಾಡಿತು. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಕುಟುಂಬಕ್ಕೆ ಕೊಡುವ ಈ ಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ನಮ್ಮ ಆ ತಾಯಿಯ ಮನೆಗೆ 12,000 ಆದಾಯ, ಅಂದರೆ ಕಂತು 6,000 ದಾಟಬಾರದು. ಆಕೆ ಕಟ್ಟುತ್ತಿದ್ದದ್ದು 9,400. ಸಾಲ ಕೊಡುವವರು ಈ ಲೆಕ್ಕ ನೋಡಬೇಕು. ತೆಗೆದುಕೊಳ್ಳುವ ಮುಂಚೆ ನಾವೂ ನೋಡಬೇಕು.

2. ವಸೂಲಿಗೆ ಬರುವವರು ಬೆದರಿಸುವಂತಿಲ್ಲ, ಕೆಟ್ಟ ಮಾತು ಆಡುವಂತಿಲ್ಲ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡುವಂತಿಲ್ಲ. ನೆಂಟರಿಗೆ, ಸ್ನೇಹಿತರಿಗೆ, ಜೊತೆ ಕೆಲಸ ಮಾಡುವವರಿಗೆ ಕಿರುಕುಳ ಕೊಡುವಂತಿಲ್ಲ. ಸಾಲಗಾರರ ಹೆಸರನ್ನು ಬಹಿರಂಗವಾಗಿ ಪ್ರಕಟಿಸುವಂತಿಲ್ಲ. ಇದೂ ರಿಸರ್ವ್ ಬ್ಯಾಂಕಿನ ನಿಯಮವೇ.

3. ಸಾಲದ ಕಾರ್ಡ್ ನಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಅವಧಿಗೆ ಮುಂಚೆ ಸಾಲ ತೀರಿಸಿದರೆ ದಂಡ ಹಾಕುವಂತಿಲ್ಲ. ತಡವಾದರೆ ಬಾಕಿ ಉಳಿದ ಕಂತಿನ ಮೇಲೆ ಮಾತ್ರ ದಂಡ, ಇಡೀ ಸಾಲದ ಮೇಲೆ ಅಲ್ಲ.

4. ನಮ್ಮ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಕಿರು ಸಾಲ ಮತ್ತು ಸಣ್ಣ ಸಾಲಗಳ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದು, ಆಮೇಲೆ ಅದನ್ನು ಕಾಯಿದೆ ಮಾಡಿತು. ನೋಂದಣಿ ಇಲ್ಲದೆ ಸಾಲ ಕೊಟ್ಟು ಹಿಂಸಿಸುವವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಹಾಕಲು ಅವಕಾಶ ಇದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆದ ಕಂಪನಿಗಳು ಈ ಕಾಯಿದೆಗೆ ಬರುವುದಿಲ್ಲ, ಅವರಿಗೆ ಆಗಲೇ ಹೇಳಿದ ರಿಸರ್ವ್ ಬ್ಯಾಂಕ್ ನಿಯಮ. ಹಾಗಾಗಿ ಸಾಲ ಕೊಟ್ಟವರು ಯಾರು, ಎಲ್ಲಿ ನೋಂದಣಿ ಆಗಿದ್ದಾರೆ ಎಂದು ಮೊದಲು ಕೇಳಿ.

5. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ತಾಲ್ಲೂಕು ನ್ಯಾಯಾಲಯದಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಫೋನ್ ಸಂಖ್ಯೆ 15100. ಮೈಮೇಲೆ ಬಂದರೆ ಪೊಲೀಸರಿಗೆ 112. ಬದುಕೇ ಬೇಡ ಎಂಬ ಯೋಚನೆ ಬಂದರೆ ಒಂದು ನಿಮಿಷವೂ ತಡ ಮಾಡಬೇಡಿ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಇಲ್ಲ, ಹಗಲು ರಾತ್ರಿ ಇರುತ್ತದೆ. ಮನಸ್ಸಿನ ಕಾಯಿಲೆಗೆ ಸಹಾಯ ಕೇಳುವುದು ಅವಿಶ್ವಾಸವಲ್ಲ. ಜ್ವರ ಬಂದಾಗ ಡಾಕ್ಟರ್ ಹತ್ತಿರ ಹೋಗುವುದಿಲ್ಲವೇ?

ಸಂಘಗಳ ಜವಾಬ್ದಾರಿ

ನಮ್ಮ ನಾಡಿನಲ್ಲಿ ಬಡವರು ಬಡ್ಡಿಯ ಭಯವನ್ನು ಎದುರಿಸಿದ್ದು ಒಟ್ಟಾಗಿ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರು ಸಹಕಾರ ಸಂಘ ಕಟ್ಟಿದರು. 1912ರಲ್ಲಿ ಮಂಗಳೂರಿನಲ್ಲಿ ಕಥೋಲಿಕರು ತಮ್ಮ ಸಹಕಾರಿ ಬ್ಯಾಂಕ್ ಕಟ್ಟಿದರು. ಇನ್ನೂ ಹಿಂದೆ, 1462ರಲ್ಲಿ, ಇಟಲಿಯ ಪೆರೂಜಾ ಪಟ್ಟಣದಲ್ಲಿ ಸಂತ ಫ್ರಾನ್ಸಿಸರ ಸಭೆಯ ಗುರುಗಳು ಬಡವರನ್ನು ಬಡ್ಡಿಯಿಂದ ಬಿಡಿಸಲು ಸಾಲನಿಧಿ ಪ್ರಾರಂಭಿಸಲು ಮುಂದಾದರು. 1992ರಲ್ಲಿ ನಬಾರ್ಡ್ ನಮ್ಮಂಥ ಸ್ವ-ಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರುಮಾಡಿತು. ವಾರಕ್ಕೆ ಹತ್ತು ರೂಪಾಯಿ ಉಳಿತಾಯ ಮಾಡಿ ಪ್ರಾರಂಭವಾದ ಸಂಘಗಳು ಈ ಸಭೆಯಲ್ಲಿವೆ. ಅಂದು ನಾವು ಸೇರಿದ್ದು ಏತಕ್ಕೆ? ಒಬ್ಬಳ ಕಷ್ಟಕ್ಕೆ ಹತ್ತು ಜನ ಎಂದು. ಒಬ್ಬಳ ಮನೆ ಮುಂದೆ ಹತ್ತು ಜನ ಹೋಗಿ ಕೂರುವುದಕ್ಕೆ ಅಲ್ಲ.

ಆದ್ದರಿಂದ ಒಕ್ಕೂಟದ ಮುಂದೆ ಮೂರು ಸಲಹೆ ಇಡುತ್ತೇನೆ. ಒಂದು, ಕಂಪನಿಯವರು ಕರೆದರೂ ನಮ್ಮ ಯಾವ ಸದಸ್ಯೆಯೂ ಇನ್ನೊಬ್ಬಳ ಮನೆ ಮುಂದೆ ವಸೂಲಿಗೆ ಹೋಗಿ ಕೂರುವುದಿಲ್ಲ ಎಂದು ತೀರ್ಮಾನ ಮಾಡೋಣ. ಹೋಗುವುದಾದರೆ ಒಳಗೆ ಹೋಗಿ ಆಕೆಯ ಪಕ್ಕದಲ್ಲಿ ಕೂರೋಣ. ಎರಡು, ಯಾರಾದರೂ ಎರಡು ಸಭೆಗೆ ಬರದಿದ್ದರೆ ದಂಡ ಬರೆಯುವ ಮುಂಚೆ ಇಬ್ಬರು ಹೋಗಿ ನೋಡಿಕೊಂಡು ಬರಲಿ. ಮೂರು, ಯಾರೂ ಇನ್ನೊಬ್ಬರಿಗಾಗಿ ತನ್ನ ಹೆಸರಿನಲ್ಲಿ ಸಾಲ ಎತ್ತಬಾರದು. ಪ್ರೀತಿ ಇದ್ದರೆ ಅನ್ನ ಕೊಡಿ, ಸಹಿ ಕೊಡಬೇಡಿ.

ನಿರೀಕ್ಷೆ

ಕೊನೆಯದಾಗಿ ನಿರೀಕ್ಷೆಯ ಮಾತು. 2025ನೇ ವರ್ಷವನ್ನು ಪೋಪ್ ಫ್ರಾನ್ಸಿಸರು ಜ್ಯೂಬಿಲಿ ವರ್ಷ ಎಂದು ಸಾರಿ, ನಾವೆಲ್ಲರೂ ನಿರೀಕ್ಷೆಯ ಯಾತ್ರಿಕರು ಎಂದರು. ಆ ವರ್ಷದ ಏಪ್ರಿಲ್ 21ರಂದು ಅವರು ದೈವಾಧೀನರಾದರು. 2026ರ ಜನವರಿ 6ರಂದು ಪೋಪ್ ಹದಿನಾಲ್ಕನೆಯ ಲಿಯೋ ಅವರು ಆ ವರ್ಷವನ್ನು ಮುಕ್ತಾಯ ಮಾಡಿದರು. ಜ್ಯೂಬಿಲಿ ಎಂಬುದು ಹಳೆಯ ಒಡಂಬಡಿಕೆಯಿಂದ ಬಂದ ಆಚರಣೆ. ಲೇವಿಯರ ಗ್ರಂಥದ ಪ್ರಕಾರ ಐವತ್ತನೆಯ ವರ್ಷದಲ್ಲಿ ಬಡತನದಿಂದ ಮಾರಿಕೊಂಡ ಭೂಮಿ ಹಿಂದಿರುಗಬೇಕು, ಬಡತನದಿಂದ ಜೀತಕ್ಕೆ ಬಿದ್ದವನು ತನ್ನ ಮನೆಗೆ ಹಿಂದಿರುಗಬೇಕು. ಪೋಪ್ ಫ್ರಾನ್ಸಿಸರು ಬಡ ದೇಶಗಳ ಸಾಲ ಮನ್ನಾ ಮಾಡಿ ಎಂದು ಶ್ರೀಮಂತ ದೇಶಗಳನ್ನು ಕೇಳಿಕೊಂಡದ್ದು ಇದೇ ಕಾರಣಕ್ಕೆ. ಜ್ಯೂಬಿಲಿ ವರ್ಷ ಮುಗಿದಿದೆ. ಮನೆಗೆ ಹಿಂದಿರುಗಬೇಕಾದವರು ಇನ್ನೂ ಇದ್ದಾರೆ.

ಆ ತಾಯಿಯ ಕಥೆ ಏನಾಯಿತು ಎಂದು ನೀವು ಕೇಳುತ್ತೀರಿ. ಪವಾಡ ಏನೂ ಆಗಲಿಲ್ಲ. ಪಕ್ಕದ ಮನೆಯವರನ್ನು ಕೂರಿಸಿ ಮಾತಾಡಿದ ಮೇಲೆ ತಾವು ತೆಗೆದುಕೊಂಡ ಸಾಲದ ಕಂತು ತಾವೇ ಕಟ್ಟಲು ಒಪ್ಪಿದರು. ಕೈಸಾಲದ ವಿಷಯ ಕಾನೂನು ಸೇವಾ ಸಮಿತಿಯ ಮುಂದೆ ಹೋಗಿ ರಾಜಿಯಲ್ಲಿ ಮುಗಿಯಿತು. ಒಂದು ಕಂಪನಿ ಕಂತು ಕಮ್ಮಿ ಮಾಡಿ ಅವಧಿ ಹೆಚ್ಚಿಸಿತು. ಇನ್ನೊಂದು ಕಂಪನಿ ಒಪ್ಪಲಿಲ್ಲ. ಅದನ್ನು ಮುಗಿಸಲು ನಮ್ಮ ಸಂಘ ತನ್ನ ನಿಧಿಯಿಂದ ಸಾಲ ಕೊಟ್ಟಿತು. ಎಲ್ಲ ತೀರಲು ಮೂರು ವರ್ಷ ಬೇಕಾಯಿತು. ದೊಡ್ಡ ಮಗನ ಓದು ನಿಂತದ್ದು ನಿಂತೇ ಹೋಯಿತು, ಅದನ್ನು ಯಾರೂ ವಾಪಸ್ ಕೊಡಲು ಆಗಲಿಲ್ಲ. ಚಿಕ್ಕವಳು ಓದುತ್ತಿದ್ದಾಳೆ. ಮೊನ್ನೆ ಆಕೆ ಹೇಳಿದರು, "ಸಿಸ್ಟರ್, ಈಗಲೂ ಯಾರಾದ್ರೂ ಜೋರಾಗಿ ಬಾಗಿಲು ತಟ್ಟಿದ್ರೆ ಎದೆ ಹೊಡ್ಕೊಳ್ಳತ್ತೆ. ಆದ್ರೆ ಹೋಗಿ ತೆಗೀತೀನಿ."

ಭಯ ಪೂರ್ತಿ ಹೋಗಿಲ್ಲ. ಆದರೂ ಆಕೆ ಹೋಗಿ ಬಾಗಿಲು ತೆಗೆಯುತ್ತಾರೆ. ನನ್ನ ಮಟ್ಟಿಗೆ ಕ್ರೈಸ್ತ ನಿರೀಕ್ಷೆ ಎಂದರೆ ಇದು. ಬಾಗಿಲು ಹಾಕಿಕೊಂಡು ಕೂತಿದ್ದ ಶಿಷ್ಯರ ಮಧ್ಯೆ ಪುನರುತ್ಥಾನರಾದ ಯೇಸು ಬಂದು ನಿಂತು ಶಾಂತಿ ಹೇಳಿದರು. ಅವರ ಕೈಯಲ್ಲಿ ಮೊಳೆಯ ಗಾಯ ಹಾಗೇ ಇತ್ತು. ಗಾಯ ಇದ್ದೂ ಅವರು ಜೀವಂತವಾಗಿದ್ದರು. ಆಮೇಲೆ ಶಿಷ್ಯರೂ ಬಾಗಿಲು ತೆರೆದು ಹೊರಗೆ ಹೋದರು.

"ಮಂಗಳವಾರ" ಎಂದು ಚೀಟಿಯಲ್ಲಿ ಬರೆದ ಅಮ್ಮ ಯಾರೋ ನನಗೆ ಗೊತ್ತಿಲ್ಲ. ನಾನು ಇವತ್ತು ಊಟದ ನಂತರ ಹಿಂದಿನ ಕೋಣೆಯಲ್ಲಿ ಕೂತಿರುತ್ತೇನೆ. ಜೀಪಿಗೆ ಸಂಜೆ ಬಾ ಎಂದು ಹೇಳಿದ್ದೇನೆ. ಒಂದು ಪುಸ್ತಕ, ಒಂದು ಪೆನ್ನು ಇಟ್ಟುಕೊಂಡಿರುತ್ತೇನೆ. ಬನ್ನಿ, ಬರೆಯೋಣ. ಬರುವ ಮಂಗಳವಾರ ನಿಮ್ಮ ಮನೆಯಲ್ಲಿ ನಮ್ಮ ಸಂಘದ ಇಬ್ಬರು ಇರುತ್ತಾರೆ.

ಈಗ ಎಲ್ಲರೂ ಎದ್ದು ನಿಂತು, ಅವರವರ ದೇವರನ್ನು ನೆನೆದು, ಒಂದು ನಿಮಿಷ ಮೌನವಾಗಿ ಪ್ರಾರ್ಥಿಸೋಣ.

ಕರುಣಾಮಯಿಯಾದ ದೇವರೇ, ಈ ತಾಯಂದಿರ ಭಯ ನಿಮಗೆ ಗೊತ್ತು. ಬಾಯಿಬಿಟ್ಟು ಹೇಳುವ ಧೈರ್ಯವನ್ನು ಅವರಿಗೆ ಕೊಡಿ. ಕೂತು ಕೇಳುವ ತಾಳ್ಮೆಯನ್ನು ನಮಗೆ ಕೊಡಿ. ಒಬ್ಬರ ಮನೆಯ ಕುಡಿಕೆಗೆ ಇನ್ನೊಬ್ಬರ ಮನೆಯ ಪಾತ್ರೆ ಒದಗುವಂತೆ ಮಾಡಿ. ಊರು ಬಿಟ್ಟವರನ್ನು ಊರಿಗೆ ಕರೆತನ್ನಿ. ಆಮೆನ್.